ಮೋಟಾರ್ ಸುಡುವ ಮುನ್ನ ಒಂದು ಗುಣಾಕಾರ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಬೇಸಿಗೆ ಬಂತೆಂದರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ವೋಲ್ಟೇಜ್ ಇಲ್ರಿ, ಮೋಟಾರ್ ಹಚ್ಚಬ್ಯಾಡ್ರಿ.’ ಏಪ್ರಿಲ್ ಚಾಟ್ನಿ (ಸವರುವಿಕೆ) ಮುಗಿದು ಬಳ್ಳಿ ಚಿಗುರುವ ಹೊತ್ತು ಅದು. ಬೋರ್‌ವೆಲ್‌ನ ನೀರು ಆಳಕ್ಕೆ ಇಳಿದಿರುತ್ತದೆ. ಥ್ರೀ ಫೇಸ್ ಇರುವ ಕೆಲವೇ ತಾಸಿನಲ್ಲಿ ಡ್ರಿಪ್‌ಗೆ ನೀರು ಬಿಡಬೇಕು. ಕಾಯ್ದರೆ ಬಳ್ಳಿ ಬಾಡುತ್ತದೆ, ಹಚ್ಚಿದರೆ ವೈಂಡಿಂಗ್ ಹೋಗುತ್ತದೆ. ಹಚ್ಚಬೇಕೋ ಬೇಡವೋ ಎಂಬುದನ್ನು ಹೆಚ್ಚಿನವರು ಅಂದಾಜಿನ ಮೇಲೆಯೇ ತೀರ್ಮಾನಿಸುತ್ತಾರೆ.

ಆದರೆ ಇದಕ್ಕೆ ಲೆಕ್ಕವಿದೆ. ಅದನ್ನು ಅದೇ ರೈತರ ಮಕ್ಕಳು ಹತ್ತನೇ ತರಗತಿಯ ವಿಜ್ಞಾನದಲ್ಲಿ ಕಲಿಯುತ್ತಾರೆ.

ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ, ಅವೆರಡನ್ನು ಗುಣಿಸಿದರೆ ವಿದ್ಯುತ್ ಸಾಮರ್ಥ್ಯ. ಜರ್ಮನಿಯ ಶಾಲಾ ಶಿಕ್ಷಕ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೇ ಮೊದಲನೆಯ ಲೆಕ್ಕಕ್ಕೆ ಆಧಾರ. ವಿಜಯಪುರ ನಗರದ ಮನೆಯೊಂದರ ಇಸ್ತ್ರಿಪೆಟ್ಟಿಗೆಯನ್ನೇ ನೋಡಿ. 230 ವೋಲ್ಟ್‌ನಲ್ಲಿ 1000 ವಾಟ್ ಎಂದು ಬರೆದಿದ್ದರೆ ಅದು ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಅದರ ರೋಧ ಹೆಚ್ಚುಕಡಿಮೆ 53 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ ಕರೆಂಟೂ ಇಳಿದು ಸಾಮರ್ಥ್ಯ 610 ವಾಟ್‌ಗೆ ಬರುತ್ತದೆ. ಬಟ್ಟೆಯ ಸುಕ್ಕು ಹೋಗುವುದಿಲ್ಲ, ಅಷ್ಟೇ.

ತೋಟದ ಮೋಟಾರಿನ ನಡೆ ಇದಕ್ಕೆ ತಿರುಗುಮುರುಗು. ಅದು ಅಷ್ಟೇ ಆಳದಿಂದ ಅಷ್ಟೇ ನೀರನ್ನು ಎತ್ತಬೇಕು. ವೋಲ್ಟೇಜ್ ಕಡಿಮೆಯಾದರೆ ಆ ಕೊರತೆಯನ್ನು ಹೆಚ್ಚು ಆಂಪಿಯರ್ ಎಳೆದು ತುಂಬಿಕೊಳ್ಳುತ್ತದೆ. 7.5 ಎಚ್‌ಪಿಯ ಸಬ್‌ಮರ್ಸಿಬಲ್ ಮೋಟಾರ್ 415 ವೋಲ್ಟ್‌ನಲ್ಲಿ ಸುಮಾರು 13ರಿಂದ 14 ಆಂಪಿಯರ್ ತೆಗೆದುಕೊಳ್ಳುತ್ತದೆ ಎನ್ನೋಣ. ವೋಲ್ಟೇಜ್ 350ಕ್ಕೆ ಕುಸಿದರೆ ಅದು 16ರ ಸುತ್ತಮುತ್ತ ಏರುತ್ತದೆ. ಕರೆಂಟ್ ಏರಿದ್ದು ನೂರಕ್ಕೆ ಹದಿನೆಂಟರಷ್ಟು. ಆದರೆ ವೈಂಡಿಂಗ್‌ನ ಶಾಖ ಆಂಪಿಯರ್‌ನ ವರ್ಗದಂತೆ ಬೆಳೆಯುವುದರಿಂದ ಅದು ನೂರಕ್ಕೆ ನಲವತ್ತರಷ್ಟು ಹೆಚ್ಚಾಗಿರುತ್ತದೆ. ತಂತಿಯ ಮೇಲಿನ ಲೇಪ ಕರಗುವುದು ಈ ಶಾಖಕ್ಕೆ.

ವೋಲ್ಟೇಜ್ ಎಲ್ಲಿ ಹೋಗುತ್ತದೆ? ಒಂದಷ್ಟು ತಂತಿಯಲ್ಲೇ ಹೋಗುತ್ತದೆ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, ತೋಟಕ್ಕೆ ಬರುವ ತಂತಿಯ ರೋಧ ಅರ್ಧ ಓಮ್ ಇದ್ದು, ಅದರಲ್ಲಿ 50 ಆಂಪಿಯರ್ ಹರಿದರೆ ಪ್ರತಿ ಫೇಸಿನಲ್ಲಿ 25 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಒಂದು ಫೇಸಿಗೆ 1250 ವಾಟ್‌ನಂತೆ ಮೂರರಿಂದ 3750 ವಾಟ್ ನಷ್ಟ. ಅದು 5 ಎಚ್‌ಪಿ! ಅಷ್ಟು ಶಕ್ತಿ ಹನಿ ನೀರನ್ನೂ ಎತ್ತದೆ ತಂತಿಯನ್ನು ಕಾಯಿಸಿ ಹೋಗುತ್ತದೆ. ಇದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಅಲ್ಲಿಂದ ಹೊರಡುವ ವಿದ್ಯುತ್ತನ್ನು ಲಕ್ಷಗಟ್ಟಲೆ ವೋಲ್ಟ್‌ಗೆ ಏರಿಸಿ ಕಳಿಸುವುದೂ ಇದೇ ಕಾರಣಕ್ಕೆ: ವೋಲ್ಟ್ ಹೆಚ್ಚಿದಷ್ಟೂ ಆಂಪಿಯರ್ ಕಡಿಮೆ, ನಷ್ಟವೂ ಕಡಿಮೆ.

ಉಳಿದ ಪಾಲು ಟಿಸಿಯ ಮೇಲಿನ ಹೊರೆಯದು. 63 ಕೆವಿಎ ಟಿಸಿ ಒಂದೊಂದು ಫೇಸಿನಲ್ಲಿ 88 ಆಂಪಿಯರ್‌ವರೆಗೆ ಕೊಡಬಲ್ಲದು. ತಲಾ 14ರಂತೆ 7.5 ಎಚ್‌ಪಿಯ ಆರು ಮೋಟಾರ್ ಅದಕ್ಕೆ ಸರಿ. ಏಳನೆಯದನ್ನು ಅನುಮತಿಯಿಲ್ಲದೆ ಜೋಡಿಸಿದರೆ, ಅಥವಾ ಬೋರ್ ಆಳವಾಯಿತೆಂದು ಯಾರೋ ಇಬ್ಬರು ತಿಳಿಸದೆ 10 ಎಚ್‌ಪಿ ಇಳಿಸಿದರೆ ಆರೂ ತೋಟಗಳ ವೋಲ್ಟೇಜ್ ಬೀಳುತ್ತದೆ. ಟಿಸಿ ಸುಟ್ಟರಂತೂ ಬದಲಿ ಬರುವವರೆಗೆ ಎಲ್ಲರಿಗೂ ನೀರಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಈ ಸೀಮೆಯ ರೈತರಿಗೆ ಅಂಥ ಒಂದೊಂದು ದಿನದ ಬೆಲೆ ಗೊತ್ತು.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ರೈತರ ಪಾಲಿಗೆ ಅದು ದೊಡ್ಡ ಆಸರೆ, ಅದು ಇರಬೇಕು. ಆದರೆ ಬಿಲ್ಲು ಇಲ್ಲದ ಕಡೆ ಎಷ್ಟು ಆಂಪಿಯರ್ ಹರಿಯಿತೆಂದು ನೋಡುವ ರೂಢಿ ಬೆಳೆಯಲಿಲ್ಲ. ಹರಿದದ್ದಕ್ಕೆ ದುಡ್ಡು ತೆರಬೇಕಾದದ್ದು ಕೊನೆಗೆ ರಿವೈಂಡಿಂಗ್ ಅಂಗಡಿಯಲ್ಲಿ. ಬಾವಿಯಿಂದ ಪೈಪು ಎತ್ತಿಸಿ, ಮೋಟಾರ್ ಬಿಚ್ಚಿಸಿ, ಮತ್ತೆ ಇಳಿಸುವ ಖರ್ಚು ಬೇರೆ.

ಆ ಅಂಗಡಿಯವರು ಮಾಡುವ ಮೊದಲ ಪರೀಕ್ಷೆಯೂ ರೋಧದ್ದೇ. ಲೈನ್ ಪೂರ್ತಿ ಕಡಿದು, ಮೋಟಾರಿನ ಮೂರು ವೈರುಗಳಲ್ಲಿ ಎರಡೆರಡಕ್ಕೆ ಮೀಟರ್ ಹಚ್ಚುತ್ತಾರೆ. ಮೂರು ಸಲವೂ ಒಂದೇ ಅಂಕಿ ಬಂದರೆ ವೈಂಡಿಂಗ್ ಸರಿಸಮ ಇದೆ. ಒಂದು ಜೋಡಿಯಲ್ಲಿ ಕಡಿಮೆ ಬಂದರೆ ಸುರುಳಿ ಒಳಗೇ ಕೂಡಿಕೊಂಡಿದೆ, ಏನೂ ತೋರದಿದ್ದರೆ ತುಂಡಾಗಿದೆ. ಅರ್ಧ ನಿಮಿಷದ ಕೆಲಸ.

ಹೀಗಾಗಿ ಕೇಳಬೇಕಾದದ್ದು ಮೂರು. ಪ್ರತಿ ಟಿಸಿ ಕಂಬಕ್ಕೆ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ ಒಂದು ಫಲಕ ಹಾಕಲಿ: ಟಿಸಿಯ ಸಾಮರ್ಥ್ಯ ಎಷ್ಟು, ಅದರ ಮೇಲೆ ಈಗಿರುವ ಎಚ್‌ಪಿ ಎಷ್ಟು. ಊರಿನವರ ಕಣ್ಣ ಮುಂದೆ ಅಂಕಿ ಇದ್ದರೆ ಹೊಸ ಸಂಪರ್ಕದ ಮಾತು ಜಗಳವಾಗದೆ ಲೆಕ್ಕವಾಗುತ್ತದೆ. ಪ್ರೌಢಶಾಲೆಯ ಶಿಕ್ಷಕರು ಈ ಪಾಠದ ದಿನ ಮಕ್ಕಳನ್ನು ಹತ್ತಿರದ ತೋಟದ ಪ್ಯಾನಲ್ ಬೋರ್ಡ್ ಎದುರು ದೂರದಲ್ಲಿ ನಿಲ್ಲಿಸಿ, ಅದರ ವೋಲ್ಟ್ ಮೀಟರ್, ಆಂಪಿಯರ್ ಮೀಟರ್‌ಗಳನ್ನು ಓದಿಸಲಿ. ರೈತರು ಪ್ಯಾನಲ್‌ನಲ್ಲಿ ಕೆಟ್ಟು ನಿಂತ ಮೀಟರ್‌ಗಳನ್ನು ಈ ಹಂಗಾಮಿಗೆ ಮುಂಚೆ ಬದಲಿಸಲಿ, ಮೋಟಾರಿನ ನೇಮ್ ಪ್ಲೇಟ್ ಮೇಲಿರುವ ಆಂಪಿಯರ್ ಅಂಕಿಯನ್ನು ಪ್ಯಾನಲ್ ಬಾಗಿಲಿನ ಒಳಗೆ ದೊಡ್ಡದಾಗಿ ಬರೆದಿಡಲಿ. ಮುಳ್ಳು ಆ ಅಂಕಿಯನ್ನು ದಾಟಿದ ದಿನ ಮೋಟಾರ್ ಬಂದ್ ಮಾಡಿ ಲೈನ್‌ಮನ್‌ಗೆ ಫೋನ್ ಮಾಡಲಿ.