ಖುಲಾಸೆ ಆಯ್ತು, ಕಂಪ್ಯೂಟರಿನಲ್ಲಿ ಕೇಸು ಮುಗಿಯಿತೇ?

ಜಾತ್ರೆ ಜಗಳದಲ್ಲಿ ಹೆಸರು ಬಂದ ಲೋಕಾಪುರದ ಹುಡುಗನೊಬ್ಬ ಮುಧೋಳ ಕೋರ್ಟಿಗೆ ವರ್ಷಗಟ್ಟಲೆ ಅಲೆದು ಖುಲಾಸೆಯಾದ ಎಂದುಕೊಳ್ಳಿ. ನೌಕರಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದಾಗ ಪೊಲೀಸ್ ದಾಖಲೆಯಲ್ಲಿ ಇನ್ನೂ ‘ವಿಚಾರಣೆಯಲ್ಲಿದೆ’ ಎಂದಿದ್ದರೆ?

ಕೋರ್ಟಿನ ದಾಖಲೆ ಇ-ಕೋರ್ಟ್ಸ್‌ನಲ್ಲಿ, ಪೊಲೀಸರದು ಸಿಸಿಟಿಎನ್‌ಎಸ್ ಜಾಲದಲ್ಲಿ. ಎರಡನ್ನೂ ಜೋಡಿಸಲು ಐಸಿಜೆಎಸ್ ಇದೆ. ಆದರೆ ಎಫ್‌ಐಆರ್ ನಂಬರಿನ ಒಂದು ಅಂಕಿ ತಪ್ಪಿದರೂ ಕೊಂಡಿ ಕಳಚಬಹುದು. ಐವರು ಆರೋಪಿಗಳಲ್ಲಿ ಮೂವರು ಖುಲಾಸೆಯಾದರೆ ಪ್ರತಿಯೊಬ್ಬರ ಫಲಿತಾಂಶವೂ ಬೇರೆಬೇರೆ ದಾಖಲಾಗಬೇಕು.

ಕೋರ್ಟ್ ಸಿಬ್ಬಂದಿಗೆ ಕೆಲಸದ ಹೊರೆ ಇದೆ, ನಿಜ. ಆದರೂ ತೀರ್ಪಿನ ವಾರದಲ್ಲೇ ಗುಮಾಸ್ತರೂ ಠಾಣೆಯ ಕೋರ್ಟ್ ಪೇದೆಯೂ ಕೂತು ದಾಖಲೆ ತಾಳೆ ನೋಡುವುದು ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ನೀವೇ ಎಚ್ಚರವಹಿಸಿ. 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿ. ತೀರ್ಪಿನ ದೃಢೀಕೃತ ನಕಲು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.