ಸಣ್ಣ ಸಿಲಿಂಡರಿಗೆ ಗಡಿ ಬೇಡ: ಬೆಳಗಾವಿ–ಖಾನಾಪುರದ ಪಯಣಿಗರ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೆಳಗಾವಿ;
ಆಹಾರ ಮತ್ತು ನಾಗರಿಕ ಸರಬರಾಜು, ಸಾರಿಗೆ, ಪ್ರವಾಸೋದ್ಯಮ ಹಾಗೂ ಕಾನೂನು ಮಾಪನಶಾಸ್ತ್ರ ಇಲಾಖೆಗಳ ಜಿಲ್ಲಾ ಅಧಿಕಾರಿಗಳು;
ಮೂರೂ ಸರ್ಕಾರಿ ತೈಲ ಕಂಪನಿಗಳ ಪ್ರಾದೇಶಿಕ ಅಧಿಕಾರಿಗಳು.

ಮಾನ್ಯರೆ,

ನಾವು ಗಾಡಿಯಲ್ಲೇ ಅಡುಗೆ ಮಾಡಿಕೊಂಡು ದಾರಿ ಸವೆಸುವವರು. ಉದ್ಯಮಬಾಗದಿಂದ ಸರಕು ಹೇರಿಕೊಂಡು ಪುಣೆ, ಮುಂಬೈ ಕಡೆ ಹೋಗುವ ಲಾರಿ ಚಾಲಕರು ನಮ್ಮಲ್ಲಿದ್ದಾರೆ. ಎಲ್ಲಮ್ಮನ ಗುಡ್ಡಕ್ಕೆ, ಪಂಢರಪುರಕ್ಕೆ ಟೆಂಪೊ ಮಾಡಿಕೊಂಡು ಹೋಗುವ ಖಾನಾಪುರ ಸೀಮೆಯ ಕುಟುಂಬಗಳಿವೆ. ಟೆಂಪೊ ಟ್ರಾವೆಲರಿನೊಳಗೆ ಹಾಸಿಗೆ, ಒಲೆ ಕೂಡಿಸಿಕೊಂಡು ಗೋವಾ, ಕೊಂಕಣ ತಿರುಗುವ ಹೊಸ ಕಾಲದವರೂ ಇದ್ದಾರೆ. ಚಾಲಕನಿಗೆ ಧಾಬಾದ ಊಟ ದಿನಾ ಹಿಡಿಸುವುದಿಲ್ಲ. ಕೈಗುಣ ಬಲ್ಲ ಅಜ್ಜಿಗೆ ಹೊರಗಿನ ಚಹಾ ಕೂಡ ಸೇರುವುದಿಲ್ಲ. ಹೀಗಾಗಿ ಎಲ್ಲರ ಗಾಡಿಯಲ್ಲೂ ಒಂದು ಸಣ್ಣ ಸಿಲಿಂಡರ್ ಇದ್ದೇ ಇರುತ್ತದೆ.

ಅದು ಎಲ್ಲಿಂದ ಬಂತು, ಖಾಲಿಯಾದಾಗ ಎಲ್ಲಿ ತುಂಬಿತು ಎಂಬುದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಈ ಪತ್ರದಲ್ಲಿ ಹೇಳುತ್ತಿದ್ದೇವೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ನಿಪ್ಪಾಣಿ ದಾಟಿದರೆ ಕೊಲ್ಹಾಪುರ ಜಿಲ್ಲೆ. ಬೆಳಿಗ್ಗೆ ಹೊರಟವರು ಊಟದ ಹೊತ್ತಿಗೆ ಬೇರೆ ರಾಜ್ಯದಲ್ಲಿರುವ ಊರು ನಮ್ಮದು. ನಮ್ಮ ಬೇಡಿಕೆಗಳು ಹುಟ್ಟಿದ್ದು ಇದರಿಂದಲೇ.

1. ಐದು ಕಿಲೋ ಸಿಲಿಂಡರ್ ಕಣ್ಣಿಗೆ ಕಾಣುವಂತಿರಲಿ.

ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿಯೊಂದನ್ನೇ ತೋರಿಸಿ ಕೊಳ್ಳಬಹುದಾದ 5 ಕಿಲೋ ಸಿಲಿಂಡರ್ ಹೊಸದೇನಲ್ಲ. ಅಂದಿನ ಪೆಟ್ರೋಲಿಯಂ ಸಚಿವ ಎಂ. ವೀರಪ್ಪ ಮೊಯ್ಲಿ 2013ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ಈ ಯೋಜನೆಗೆ ಚಾಲನೆ ಕೊಟ್ಟರು. ಇಂಡೇನ್ 2020ರ ಡಿಸೆಂಬರಿನಲ್ಲಿ ಇದಕ್ಕೆ ‘ಛೋಟು’ ಎಂದು ಹೆಸರಿಟ್ಟಿತು, ಎಚ್‌ಪಿಯವರದು ‘ಅಪ್ಪು’. ಹೆಸರುಗಳು ಮುದ್ದಾಗಿವೆ, ಮಾಲು ಮಾತ್ರ ಕೇಳಿದಾಗ ಸಿಗದು. ‘ಸ್ಟಾಕ್ ಇಲ್ಲ’, ‘ಏಜೆನ್ಸಿಗೆ ಹೋಗ್ರಿ’, ‘ಸಾಹೇಬ್ರು ಬಂದ ಮ್ಯಾಲೆ ಬರ್ರಿ’ ಎಂಬ ಉತ್ತರಗಳನ್ನು ನಮ್ಮಲ್ಲಿ ಬಹಳ ಮಂದಿ ಕೇಳಿದ್ದಾರೆ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾಕತಿ ಮತ್ತು ಹಿರೇಬಾಗೇವಾಡಿ, ಹೆದ್ದಾರಿ 748ರಲ್ಲಿ ಖಾನಾಪುರ ಮತ್ತು ಲೋಂಡಾ, ಚೋರ್ಲಾ ದಾರಿಯಲ್ಲಿ ಜಾಂಬೋಟಿ: ಈ ಐದು ಕಡೆ ತಲಾ ಒಂದು ಪೆಟ್ರೋಲ್ ಪಂಪಿನಲ್ಲಾದರೂ ತುಂಬಿದ ಸಣ್ಣ ಸಿಲಿಂಡರ್ ಸದಾ ಇರಬೇಕು. ಪೆಟ್ರೋಲ್ ದರದ ಫಲಕದ ಕೆಳಗೆ ಇದರ ದರವನ್ನೂ ಅಂದಂದಿಗೆ ಬರೆಯಬೇಕು.

2. ಬೆಳಗಾವಿಯಲ್ಲಿ ಕೊಂಡದ್ದನ್ನು ಗೋವಾದ ಫೋಂಡಾದಲ್ಲಿ ಬದಲಿಸಿ ಕೊಡಿ, ಅಲ್ಲಿಯದನ್ನು ಇಲ್ಲಿಯೂ.

ಇದೇ ನಮ್ಮ ಮುಖ್ಯ ಬೇಡಿಕೆ. ಉಳಿದವು ಇದರ ಬೆನ್ನಿಗೆ ಬಂದವು.

ಯುರೋಪಿನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ತಿರುಗಿ ಬಂದ ನಮ್ಮೂರ ಮಕ್ಕಳು ಅಲ್ಲಿಯ ಪಡಿಪಾಟಲನ್ನು ಹೇಳುತ್ತಾರೆ. ಜರ್ಮನಿಯ ಬೂದು ಬಣ್ಣದ 11 ಕಿಲೋ ಸಿಲಿಂಡರಿನ ಥ್ರೆಡ್ ಒಂದು ಬಗೆ, ಫ್ರಾನ್ಸಿನ 13 ಕಿಲೋದ್ದು ಇನ್ನೊಂದು. ಬ್ರಿಟನ್ನಿನ ಕ್ಯಾಲರ್ ಕಂಪನಿಯ ಸಿಲಿಂಡರನ್ನು ಸಮುದ್ರ ದಾಟಿಸಿದರೆ ಬದಲಿಸಿ ಕೊಡುವವರಿಲ್ಲ. ಕ್ಯಾಂಪಿಂಗಾಜ್ ಎಂಬ ನೀಲಿ ಸಿಲಿಂಡರ್ ಬಹಳ ದೇಶಗಳಲ್ಲಿ ಸಿಗುತ್ತದೆ ನಿಜ, ಆದರೆ ಅದರ ದೊಡ್ಡ ಸಿಲಿಂಡರಿನಲ್ಲೇ ಹಿಡಿಯುವುದು 2.75 ಕಿಲೋ, ಕಿಲೋ ಲೆಕ್ಕದಲ್ಲಿ ಬಲು ದುಬಾರಿ. ಹಾಗಾಗಿ ತಿಳಿದವರು ದೇಶಕ್ಕೊಂದು ಅಡಾಪ್ಟರ್ ಕಟ್ಟಿಕೊಂಡು ಹೊರಡುತ್ತಾರೆ, ಇಲ್ಲವೇ ಹೋದಲ್ಲಿ ಅಲ್ಲಿಯದೇ ಸಿಲಿಂಡರ್ ಕೊಂಡು ಬಿಟ್ಟುಬರುವಾಗ ಠೇವಣಿಗೆ ಎಳ್ಳುನೀರು ಬಿಡುತ್ತಾರೆ. ಹತ್ತಾರು ದೇಶ, ಹತ್ತಾರು ಕಂಪನಿ. ಅವರ ತೊಡಕಿಗೆ ಕಾರಣವಾದರೂ ಇದೆ.

ನಮ್ಮದು ಒಂದೇ ದೇಶ, ಸಿಲಿಂಡರಿನ ದೊಡ್ಡ ಮಾರಾಟಗಾರರು ಮೂರೇ ಮಂದಿ, ಮೂವರೂ ಸರ್ಕಾರದವರು. ಹಾಗಿದ್ದೂ ಒಂದು ಕಂಪನಿಯ ಖಾಲಿ ಸಿಲಿಂಡರನ್ನು ಇನ್ನೊಂದು ಕಂಪನಿಯವರು ಮುಟ್ಟುವುದಿಲ್ಲ. 2013ರ ಅಕ್ಟೋಬರಿನಲ್ಲಿ ಗ್ರಾಹಕರು ವಿತರಕರನ್ನು ಬದಲಿಸುವ ಅವಕಾಶ ಪ್ರಾಯೋಗಿಕವಾಗಿ ಬಂತು, 2014ರ ಜನವರಿಯಲ್ಲಿ 480 ಜಿಲ್ಲೆಗಳಿಗೆ ಹಬ್ಬಿತು; ಸಿಲಿಂಡರ್ ಮಾತ್ರ ತನ್ನ ತವರು ಕಂಪನಿಗೇ ಮರಳಬೇಕೆಂಬ ಕಟ್ಟು ಸಡಿಲಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ, ಯಾವ ಕಂಪನಿಯ ಗ್ರಾಹಕರಿಗೆ ಯಾವ ಕಂಪನಿಯವರಾದರೂ ಸಿಲಿಂಡರ್ ಕೊಡುವಂತಾಗಬೇಕೆಂದು ಸಾರ್ವಜನಿಕರ ಅಭಿಪ್ರಾಯ ಕೇಳಿತು. ನಮ್ಮ ಅಭಿಪ್ರಾಯ ಇದು: ಸಣ್ಣ ಸಿಲಿಂಡರಿನಿಂದಲೇ ಶುರುಮಾಡಿ. ಇದಕ್ಕೆ ಸಬ್ಸಿಡಿಯ ಲೆಕ್ಕವಿಲ್ಲ, ಗ್ರಾಹಕ ಸಂಖ್ಯೆಯ ಗೊಡವೆಯಿಲ್ಲ. ಖಾಲಿ ಕೊಟ್ಟು, ಗ್ಯಾಸಿನ ದುಡ್ಡು ಎಣಿಸಿ, ತುಂಬಿದ್ದನ್ನು ಒಯ್ಯುವುದಷ್ಟೇ. ಪರೀಕ್ಷೆಗೆ ಬೆಳಗಾವಿ, ಕೊಲ್ಹಾಪುರ, ಗೋವಾ ಈ ಮೂರರ ತ್ರಿಕೋನಕ್ಕಿಂತ ಒಳ್ಳೆಯ ಜಾಗ ಬೇರೆಡೆ ಹುಡುಕಬೇಕಿಲ್ಲ.

ಮೂರು ಕಂಪನಿಗಳು ಒಪ್ಪುವ ತನಕ, ಕಡೇಪಕ್ಷ ಒಂದೇ ಕಂಪನಿಯ ಸಿಲಿಂಡರನ್ನು ರಾಜ್ಯದ ಗಡಿಯಾಚೆ ಬದಲಿಸಿ ಕೊಡಲು ನಿರಾಕರಿಸಬಾರದು ಎಂದು ಲಿಖಿತ ಸೂಚನೆ ಹೋಗಬೇಕು.

3. ರಸೀದಿಯಲ್ಲಿ ಗ್ಯಾಸಿನ ಬೆಲೆ, ಸಿಲಿಂಡರಿನ ಬೆಲೆ, ಮರಳಿಸಿದರೆ ಸಿಗುವ ಮೊತ್ತ ಮೂರೂ ಬೇರೆಬೇರೆಯಾಗಿ ನಮೂದಾಗಿರಲಿ.

ಒಟ್ಟು ಮೊತ್ತವೊಂದನ್ನೇ ಗೀಚಿಕೊಟ್ಟ ಚೀಟಿ ಹಿಡಿದು ಹೋದವರಿಗೆ ಯಾರೂ ಬಿಡಿಗಾಸು ಮರಳಿಸುವುದಿಲ್ಲ.

4. ಕಳ್ಳ ತುಂಬುವಿಕೆ ನಿಲ್ಲಿಸಿ. ಅದಕ್ಕೆ ಮೊದಲು ಒಂದನೆಯ ಬೇಡಿಕೆ ಈಡೇರಿಸಿ.

14.2 ಕಿಲೋದ ಮನೆ ಸಿಲಿಂಡರನ್ನು ಬೋರಲು ಹಾಕಿ ಸಣ್ಣದಕ್ಕೆ ಗ್ಯಾಸ್ ಇಳಿಸುವ ಅಂಗಡಿಗಳು ಪ್ರತಿ ಪೇಟೆಯ ಹಿಂದುಗಡೆ ಇವೆ. 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಆದೇಶದ ಪ್ರಕಾರ ಇದು ಅಪರಾಧ. ನಾವು ಅಲ್ಲಿಗೆ ಹೋಗಿಲ್ಲವೆಂದು ಹೇಳಿದರೆ ನೀವು ನಗುತ್ತೀರಿ.

ಅಪಾಯ ಎಲ್ಲಿದೆ ಎಂಬುದನ್ನು ದಾಳಿ ಮಾಡುವವರೂ ತಿಳಿದಿರಲಿ, ತುಂಬಿಸಿಕೊಳ್ಳುವವರೂ ತಿಳಿದಿರಲಿ. ಕಾರ್ಖಾನೆಯಲ್ಲಿ ಸಿಲಿಂಡರನ್ನು ಸುಮಾರು ಶೇಕಡಾ 80–85ರಷ್ಟೇ ದ್ರವದಿಂದ ತುಂಬುತ್ತಾರೆ. ಮೇಲಿನ ಜಾಗ ಖಾಲಿ ಬಿಡುವುದು ಬಿಸಿಲಿಗೆ ದ್ರವ ಹಿಗ್ಗಿದಾಗ ಎಡೆ ಇರಲೆಂದು. ಅಂಗಡಿಯವ ತೂಕದ ಗೊಡವೆಗೆ ಹೋಗದೆ ‘ಫುಲ್’ ಮಾಡಿಕೊಟ್ಟರೆ ಆ ಎಡೆ ಇಲ್ಲವಾಗುತ್ತದೆ. ಏಪ್ರಿಲ್ ಬಿಸಿಲಿಗೆ ತಗಡಿನ ಗಾಡಿ ಕಾದಾಗ ಒಳಗಿನ ದ್ರವಕ್ಕೆ ಹಿಗ್ಗಲು ದಾರಿಯಿರುವುದಿಲ್ಲ. ಜೊತೆಗೆ ಈ ಗ್ಯಾಸು ಗಾಳಿಗಿಂತ ಭಾರ: ಸೋರಿದ್ದು ಮೇಲೆ ಹೋಗದೆ ಸೀಟಿನ ಕೆಳಗೆ, ಹಾಸಿಗೆಯ ಕೆಳಗೆ ನಿಲ್ಲುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಮಲಗಿದ ಚಾಲಕ ಎದ್ದು ಬೀಡಿ ಹಚ್ಚಿದರೆ ಮುಂದಿನದನ್ನು ಬರೆಯಬೇಕಿಲ್ಲ.

ದಾಳಿ ಮಾಡಿ ಅಂಗಡಿ ಮುಚ್ಚಿಸಿದ ಮಾತ್ರಕ್ಕೆ ಹಸಿವು ನಿಲ್ಲದು, ಅಂಗಡಿ ಇನ್ನೊಂದು ಓಣಿಗೆ ಸರಿಯುತ್ತದೆ. ಸರಿಯಾದ ಸಿಲಿಂಡರ್ ಪಂಪಿನಲ್ಲಿ ಸಿಗುವಂತೆ ಮಾಡಿ. ಆಮೇಲೆ ದಾಳಿ ಮಾಡಿ, ನಾವೇ ಅಂಗಡಿ ತೋರಿಸುತ್ತೇವೆ.

5. ತೂಗಿ ಕೊಡಿ, ತಾರೀಖು ತೋರಿಸಿ ಕೊಡಿ.

ಪ್ರತಿ ಸಿಲಿಂಡರಿನ ಮೇಲೂ ಅದರ ಖಾಲಿ ತೂಕ ಕೊರೆದಿರುತ್ತದೆ. ಮಾರಾಟದ ಕಡೆ ತಕ್ಕಡಿ ಇರಬೇಕು, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಅದರ ಮೇಲಿರಬೇಕು. ಮರುಪರೀಕ್ಷೆಯ ಗಡುವನ್ನು ಓದುವ ಬಗೆಯನ್ನೂ ಗೋಡೆಗೆ ಬರೆಯಿಸಿ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರಿನಿಂದ ಡಿಸೆಂಬರ್, ಪಕ್ಕದಲ್ಲಿರುವುದು ಇಸವಿಯ ಕೊನೆಯ ಎರಡಂಕಿ. ಗಡುವು ಮೀರಿದ್ದನ್ನು ಕೊಡಬಾರದು, ಕೊಟ್ಟರೆ ನಾವು ಒಯ್ಯುವುದಿಲ್ಲ. ಒಳಗಿನ ವಾಷರ್ ಸರಿಯಿದೆಯೇ ಎಂದು ಸೀಲು ತೆಗೆದು ಎದುರಿಗೇ ನೋಡಬೇಕು.

6. ರೆಗ್ಯುಲೇಟರು, ಪೈಪು ಅಲ್ಲೇ ಸಿಗಲಿ. ಹೊರದೇಶದ ಗಾಡಿಗಳಿಗೂ ತಿಳಿವಳಿಕೆಯ ಚೀಟಿ ಇರಲಿ.

ಚಳಿಗಾಲದಲ್ಲಿ ಗೋವಾದ ಕಡಲ ಬದಿಗೆ ಬಂದು ನಿಲ್ಲುವ ಯುರೋಪಿನ ಮೋಟರ್‌ಹೋಮ್‌ಗಳು ಹಂಪಿಗೆ ಹೋಗುವಾಗ ನಮ್ಮ ರಸ್ತೆ ಹಿಡಿಯುತ್ತವೆ. ಅವರ ಖಾಲಿ ಸಿಲಿಂಡರನ್ನು ಇಲ್ಲಿ ಯಾರೂ ಬದಲಿಸಿ ಕೊಡಲಾರರು, ಬೇಡ ಕೂಡ. ಕಳ್ಳ ಅಂಗಡಿಯಲ್ಲಿ ಎರಡು ದೇಶದ ಮೂತಿ ಜೋಡಿಸಿ ತುಂಬಿಸಿಕೊಳ್ಳುವುದಕ್ಕಿಂತ ಇಲ್ಲಿಯ ಸಣ್ಣ ಸಿಲಿಂಡರನ್ನೂ ಅದಕ್ಕೆ ಹೊಂದುವ ಇಲ್ಲಿಯ ರೆಗ್ಯುಲೇಟರನ್ನೂ ಕೊಳ್ಳುವುದೇ ಸರಿಯಾದ ದಾರಿ. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಗ್ಯಾಸ್ ಬಿಡುತ್ತದೆ. ಈಚಿನ ಯುರೋಪಿಯನ್ ಗಾಡಿಗಳ ಒಲೆಗಳೂ 30ಕ್ಕೆ ಹೊಂದಿಸಿದವೇ. ಹಳೆಯ ಜರ್ಮನ್ ಗಾಡಿಗಳು 50 ಮಿಲಿಬಾರಿನವು, ಅವುಗಳಲ್ಲಿ ಉರಿ ಸಪ್ಪೆಯಾಗುತ್ತದೆ. ಇಷ್ಟು ಸಂಗತಿ ಒಂದು ಚೀಟಿಯಲ್ಲಿ ಹಿಡಿಯುತ್ತದೆ. ಪ್ರವಾಸೋದ್ಯಮ ಇಲಾಖೆ ಅಚ್ಚು ಹಾಕಿಸಲಿ. ಯಾವ ಸಿಲಿಂಡರಿಗೆ ಯಾವ ರೆಗ್ಯುಲೇಟರ್ ಎಂಬುದೂ ಅದರಲ್ಲಿ ಬರಲಿ.

ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಮನೆಯಲ್ಲಿ ಕಳಚಿದ ಹಳೆಯ ಪೈಪನ್ನು ಗಾಡಿಗೆ ಹಾಕುವ ಚಾಳಿ ನಮ್ಮದೇ. ಅದಕ್ಕೆ ಇಲಾಖೆಯನ್ನು ದೂರುವುದಿಲ್ಲ.

7. ಒಲೆ ಹಚ್ಚಲು ಜಾಗ ಗೊತ್ತುಮಾಡಿ.

ಭೀಮಗಡ ಅಭಯಾರಣ್ಯದೊಳಗೆ ಒಲೆ ಹಚ್ಚುವುದು ತಪ್ಪು, ಅದನ್ನು ನಾವು ಕೇಳುತ್ತಲೂ ಇಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಖಾನಾಪುರದ ಬಳಿಯ ಅಸೋಗಾ, ಕದಂಬರ ಹಲಸಿ ಈ ಮೂರು ಕಡೆ ಗಾಡಿ ನಿಲ್ಲಿಸಿ ಅಡುಗೆ ಮಾಡಿಕೊಳ್ಳಲು ಕಾಡಿನಿಂದ ದೂರದ ಬಯಲು, ನಲ್ಲಿ, ಶೌಚಾಲಯ, ಮರಳಿನ ಬಕೆಟ್ಟು ಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಎಲ್ಲಮ್ಮನ ಗುಡ್ಡದ ಬುಡದಲ್ಲಿ ಸಿಲಿಂಡರ್ ಬದಲಿಸುವ ತಾತ್ಕಾಲಿಕ ಮಳಿಗೆ ತೆರೆಯಿರಿ. ಅಲ್ಲಿ ಪರಡಿ ತುಂಬಿಸಲು ಹೋಳಿಗೆ, ಕಡುಬು ಮಾಡುವ ಒಲೆಗಳು ಒತ್ತೊತ್ತಾಗಿ ಉರಿಯುತ್ತವೆ.

8. ಕಬ್ಬು ಕಡಿಯುವ ಗ್ಯಾಂಗುಗಳನ್ನು ಮರೆಯಬೇಡಿ.

ಹಂಗಾಮಿಗೆ ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ಬಂದು ಗುಡಿಸಲಲ್ಲಿ ಇಳಿಯುವವರಿಗೆ ಇಲ್ಲಿಯ ವಿಳಾಸವಿರುವುದಿಲ್ಲ. ಗುರುತಿನ ಚೀಟಿಯ ಮೇಲೆ ಸಿಗುವ ಸಿಲಿಂಡರಿಗೆ ಇವರಿಗಿಂತ ಹೆಚ್ಚಿನ ಹಕ್ಕುದಾರರಿಲ್ಲ. ಒಣ ರವದಿಯ ಗುಡಿಸಲು, ಪಕ್ಕದಲ್ಲೇ ಒಲೆ. ಸಕ್ಕರೆ ಕಾರ್ಖಾನೆಗಳೇ ತಮ್ಮ ಗೇಟಿನಲ್ಲಿ ಸಣ್ಣ ಸಿಲಿಂಡರ್ ಮಾರಿಸುವ ಏರ್ಪಾಟು ಮಾಡಬೇಕು.

9. ಗಾಡಿಯೊಳಗೆ ಒಲೆ ಕೂಡಿಸುವ ನಿಯಮವನ್ನು ಕನ್ನಡದಲ್ಲಿ ಪ್ರಕಟಿಸಿ.

ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ನೀತಿ ತಂದಿತು, ಕೇರಳ ಅದೇ ವರ್ಷ ‘ಕೆರವಾನ್ ಕೇರಳ’ ಶುರುಮಾಡಿತು. ನಮ್ಮ ಗ್ಯಾರೇಜುಗಳಲ್ಲಿ ಹಳೆಯ ಗಾಡಿಗೆ ಒಲೆ ಕೂಡಿಸುವವರಿಗೆ ಕೇಳಲು ದಿಕ್ಕಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರಚನೆ ಬದಲಿಸಲು ಒಪ್ಪಿಗೆ ಬೇಕು. ಒಪ್ಪಿಗೆಗೆ ಏನೇನು ಮಾಡಬೇಕು ಎಂಬುದನ್ನು ಆರ್‌ಟಿಒ ಕಚೇರಿ ಒಂದು ಹಾಳೆಯಲ್ಲಿ ಹೇಳಲಿ. ನಾವು ಕೇಳುವ ಕನಿಷ್ಠ ಇಷ್ಟು: ಸಿಲಿಂಡರಿಗೆ ಮಲಗುವ ಜಾಗದಿಂದ ಬೇರೆಯಾದ ಪೆಟ್ಟಿಗೆ, ಅದರ ತಳದಲ್ಲಿ ಗಾಡಿಯ ಹೊರಕ್ಕೆ ತೆರೆಯುವ ತೂತು, ನೆಟ್ಟಗೆ ನಿಲ್ಲಿಸಿ ಬಿಗಿಯುವ ಪಟ್ಟಿ.

10. ಗೋವಾ ಗಡಿಯ ಮೊಲೆಂ, ಕೇರಿ ಚೆಕ್‌ಪೋಸ್ಟುಗಳಲ್ಲಿ ಒಂದೇ ಮಾತು ನಡೆಯಲಿ.

ಸ್ವಂತ ಅಡುಗೆಗೆ ರಸೀದಿ ಸಮೇತ ಒಯ್ಯುವ ಸಣ್ಣ ಸಿಲಿಂಡರನ್ನು ಒಬ್ಬರು ಬಿಡುವುದು, ಇನ್ನೊಬ್ಬರು ತಡೆಯುವುದು ಬೇಡ. ಎಷ್ಟು ಒಯ್ಯಬಹುದು, ಹೇಗೆ ಇಟ್ಟಿರಬೇಕು ಎಂದು ಎರಡೂ ರಾಜ್ಯದವರು ಕೂತು ಫಲಕ ಬರೆಸಲಿ.

11. ರೈಲಿಗೆ ಸಿಲಿಂಡರ್ ಒಯ್ಯುವುದನ್ನು ತಡೆಯಿರಿ, ಇಳಿದಲ್ಲಿ ಸಿಗುವಂತೆ ಮಾಡಿ.

2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಲಖನೌ ಕಡೆಯಿಂದ ಬಂದ ಯಾತ್ರಿಕರು ಕದ್ದು ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸಜೆ ಇದೆ. ಬೆಳಗಾವಿ, ಖಾನಾಪುರ, ಲೋಂಡಾ ನಿಲ್ದಾಣಗಳಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಇದನ್ನು ಕೂಗಿ ಹೇಳಿಸಿ. ಹೋದ ಊರಿನಲ್ಲಿ ಸಿಲಿಂಡರ್ ಸುಲಭಕ್ಕೆ ಸಿಕ್ಕರೆ ಯಾರೂ ಹೊತ್ತು ತರುವುದಿಲ್ಲ.

12. ಸೋರಿಕೆಯ ತುರ್ತು ಸಂಖ್ಯೆ 1906 ಅನ್ನು ಪ್ರತಿ ಸಿಲಿಂಡರಿಗೂ ಅಂಟಿಸಿ.

ಎಚ್ಚರಿಕೆಯ ಮಾತು ಮೊದಲು ಕನ್ನಡದಲ್ಲಿ, ಕೆಳಗೆ ಮರಾಠಿ, ಹಿಂದಿಯಲ್ಲಿ ಇರಲಿ; ಬೆಂಕಿಗೆ ಗಡಿ ವಿವಾದ ಗೊತ್ತಿಲ್ಲ. ಕಣಕುಂಬಿಯ ಮಳೆಯಲ್ಲಿ, ಚೋರ್ಲಾದ ಮಂಜಿನಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುವುದರಿಂದ ಆ ದಾರಿಯ ಪೊಲೀಸ್ ಮತ್ತು ಅರಣ್ಯ ಚೌಕಿಗಳಿಗೂ ಅಗ್ನಿಶಾಮಕ ಪುಡಿಯ ಸಿಲಿಂಡರ್ ಕೊಡಿಸಿ.

13. ಮೂವತ್ತು ದಿನದೊಳಗೆ ಸಭೆ ಕರೆಯಿರಿ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಮೂರೂ ಕಂಪನಿಗಳು, ಕೊಲ್ಹಾಪುರ ಮತ್ತು ಗೋವಾದ ಆಹಾರ ಇಲಾಖೆಯ ಅಧಿಕಾರಿಗಳು, ನಮ್ಮಲ್ಲಿ ಐವರು ಒಂದೇ ಮೇಜಿಗೆ ಕೂರಬೇಕು. ಎರಡನೆಯ ಬೇಡಿಕೆಗೆ ಅಂದೇ ಹೌದು ಅಥವಾ ಇಲ್ಲ ಎಂದು ನಡಾವಳಿಯಲ್ಲಿ ಬರೆದು ಪ್ರತಿ ಕೊಡಬೇಕು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದರೆ ಅದನ್ನು ಇಲ್ಲ ಎಂದೇ ಓದಿಕೊಂಡು ನಿಯಂತ್ರಣ ಮಂಡಳಿಗೆ ಬರೆಯುತ್ತೇವೆ.

ಇಂತಿ,
ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಲಾರಿ–ಟೆಂಪೊ ಚಾಲಕರು, ಯಾತ್ರಿಕ ಕುಟುಂಬಗಳು, ಪ್ರವಾಸಿ ವಾಹನದ ಮಾಲೀಕರು
(ಸಹಿಗಳನ್ನು ಲಗತ್ತಿಸಿದೆ)