ಆ ಸಣ್ಣ ಪೈಪನ್ನು ಕಿತ್ತು ಬಿಸಾಡಬೇಡಿ

ಹಳೆಯ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ ನೋಡಿ. ಕಾರ್ಬ್ಯುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಒಂದು ಸಪೂರದ ಪೈಪ್ ಕಾಣಿಸುತ್ತದೆ. ಕಾಣಿಸಬೇಕು! ಪುತ್ತೂರು, ಸುಳ್ಯ, ಕಡಬದ ಕಡೆ ನಾನು ನೋಡಿದ ಕೆಲವು ಅಂಬಾಸಿಡರ್ ಮತ್ತು ಕಾರ್ಬ್ಯುರೇಟರ್ ಕಾಲದ ಮಾರುತಿ 800ಗಳಲ್ಲಿ ಆ ಪೈಪೇ ಇಲ್ಲ. ತೂತಿಗೆ ಒಂದು ಸ್ಕ್ರೂ ತುರುಕಿರುತ್ತಾರೆ. ಕೇಳಿದರೆ "ಅದಿಲ್ಲದಿದ್ರೂ ಓಡ್ತದೆ ಮಾರಾಯ್ರೆ" ಎಂಬ ಉತ್ತರ. ಓಡುತ್ತದೆ, ನಿಜ. ಚಪ್ಪಲಿ ಇಲ್ಲದೆಯೂ ನಡೆಯಬಹುದಲ್ಲ? ಆದರೆ ನಮ್ಮ ಊರಿನ ರಸ್ತೆಗಳಿಗೆ ಆ ಪೈಪ್ ಬೇಕೇ ಬೇಕು ಅನ್ನುವುದು ನನ್ನ ವಾದ.

ಪ್ಲಗ್ಗಿನಲ್ಲಿ ಕಿಡಿ ಹಾರಿದ ತಕ್ಷಣ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲ್ ಮಿಶ್ರಣ ಒಮ್ಮೆಲೇ ಉರಿದುಹೋಗುವುದಿಲ್ಲ. ಬೆಂಕಿ ಹರಡಲು ಸ್ವಲ್ಪ ಹೊತ್ತು ಬೇಕು, ಮಿಲಿಸೆಕೆಂಡುಗಳ ಲೆಕ್ಕದಲ್ಲಿ. ಇಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ! ಹಾಗಾಗಿ ಪಿಸ್ಟನ್ ಮೇಲೆ ತಲುಪುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು ಅನ್ನುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ: ಇಂಜಿನ್ನಿನ ವೇಗ ಮತ್ತು ಅದರ ಮೇಲಿನ ಲೋಡ್.

ವೇಗದ ಲೆಕ್ಕವನ್ನು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ಎರಡು ಸಣ್ಣ ತೂಕಗಳು ನೋಡಿಕೊಳ್ಳುತ್ತವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಸರಿದು ಕಿಡಿಯನ್ನು ಮುಂದಕ್ಕೆ ತರುತ್ತವೆ. ಲೋಡಿನ ಲೆಕ್ಕ ನಮ್ಮ ಪೈಪಿನದ್ದು.

ಪುತ್ತೂರಿನಿಂದ ಸುಳ್ಯಕ್ಕೆ ಆರಾಮವಾಗಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದ್ದೀರಿ, ಥ್ರಾಟಲ್ ಸ್ವಲ್ಪವೇ ತೆರೆದಿದೆ. ಸಿಲಿಂಡರಿಗೆ ಕಡಿಮೆ ಮಿಶ್ರಣ ಹೋಗುತ್ತದೆ, ಅದು ನಿಧಾನವಾಗಿ ಉರಿಯುತ್ತದೆ. ಅಂದರೆ ಕಿಡಿ ಇನ್ನೂ ಬೇಗ ಬೇಕು. ಇದೇ ಹೊತ್ತಿಗೆ ಥ್ರಾಟಲಿನ ಬಳಿ ವ್ಯಾಕ್ಯೂಮ್ ಜಾಸ್ತಿ. ಅದು ಪೈಪಿನ ಮೂಲಕ ಒಂದು ಡಯಾಫ್ರಮ್ಮನ್ನು ಎಳೆಯುತ್ತದೆ, ಡಯಾಫ್ರಮ್ಮಿಗೆ ಕಟ್ಟಿದ ಕಡ್ಡಿ ಒಳಗಿನ ಪ್ಲೇಟನ್ನು ತಿರುಗಿಸುತ್ತದೆ, ಕಿಡಿ ಮುಂದಕ್ಕೆ ಬರುತ್ತದೆ. ಸಂಪಾಜೆ ದಾಟಿ ಮಡಿಕೇರಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತುತ್ತೀರಿ. ವ್ಯಾಕ್ಯೂಮ್ ಬೀಳುತ್ತದೆ, ಸ್ಪ್ರಿಂಗ್ ಪ್ಲೇಟನ್ನು ವಾಪಸ್ ತಳ್ಳುತ್ತದೆ, ಕಿಡಿ ತಡವಾಗುತ್ತದೆ. ಇಲ್ಲದಿದ್ದರೆ ಇಂಜಿನ್ ಟಕಟಕ ಅಂತ ನಾಕ್ ಮಾಡುತ್ತದೆ.

ಎರಡು ಇನ್‌ಪುಟ್, ಒಂದು ಔಟ್‌ಪುಟ್. ಒಂದು ಸಾಲು ಕೋಡ್ ಇಲ್ಲ! ಇವತ್ತಿನ ಕಾರುಗಳಲ್ಲಿ ಸೆನ್ಸರ್ ಮತ್ತು ಇಸಿಯು ಸೇರಿ ಮಾಡುವುದೂ ಮೂಲತಃ ಇದೇ ಲೆಕ್ಕ. ದಿನವಿಡೀ ಕೋಡ್ ಬರೆಯುವ ನನಗೆ ಈ ರಬ್ಬರ್ ತುಂಡಿನ ಮೇಲೆ ಗೌರವ ಹುಟ್ಟಿದ್ದು ಹೀಗೆ :)

ಹಾಗಾದರೆ ಪೈಪ್ ಕಿತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಯಾಕೆ? ಎಷ್ಟೋ ಕಾರ್ಬ್ಯುರೇಟರುಗಳಲ್ಲಿ ಈ ಪೈಪಿನ ತೂತು ಥ್ರಾಟಲಿನ ಸ್ವಲ್ಪ ಮೇಲಿರುತ್ತದೆ. ಐಡ್ಲಿಂಗ್‌ನಲ್ಲಿ ಅಲ್ಲಿ ವ್ಯಾಕ್ಯೂಮ್ ಇರುವುದಿಲ್ಲ. ಗ್ಯಾರೇಜಿನಲ್ಲಿ ನಿಂತ ಗಾಡಿಯ ಶಬ್ದ ಕೇಳಿ "ಸರಿ ಉಂಟು" ಅನ್ನಬಹುದು. ನಷ್ಟ ತಿಳಿಯುವುದು ರಸ್ತೆಯಲ್ಲಿ: ಮೈಲೇಜ್ ಇಳಿಯುತ್ತದೆ, ಇಂಜಿನ್ ಬಿಸಿಯಾಗುತ್ತದೆ. ಬೈಗುಳ ಮಾತ್ರ "ಹಳೇ ಗಾಡಿ" ಅಂತ ಕಾರಿಗೆ!

ರೇಸಿಂಗ್ ಇಂಜಿನ್ನುಗಳಲ್ಲಿ ಇದನ್ನು ತೆಗೆದುಹಾಕುವುದುಂಟು, ಅದನ್ನೇ ತೋರಿಸಿ ವಾದಿಸುವವರೂ ಇದ್ದಾರೆ. ರೇಸಿನ ಕಾರು ಹೆಚ್ಚು ಹೊತ್ತು ಪೂರ್ತಿ ಥ್ರಾಟಲಿನಲ್ಲಿ ಓಡುತ್ತದೆ, ಅಲ್ಲಿ ವ್ಯಾಕ್ಯೂಮೇ ಇಲ್ಲ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹಾಗೆ ಯಾರು ಓಡಿಸುತ್ತಾರೆ ಹೇಳಿ?

ಅನೇಕ ಕಾರುಗಳಲ್ಲಿ ಟೈಮಿಂಗ್ ಸೆಟ್ ಮಾಡುವಾಗ ಪೈಪ್ ತೆಗೆದು ಮುಚ್ಚುವುದು ಸರಿಯಾದ ಕ್ರಮವೇ. ಆದರೆ ಆಮೇಲೆ ವಾಪಸ್ ಹಾಕಬೇಕು. ಡಯಾಫ್ರಮ್ ಹರಿದಿದೆಯೋ ಅಂತ ನೋಡುವುದೂ ಸುಲಭ. ಇಂಜಿನ್ ಆಫ್ ಮಾಡಿ, ಪೈಪನ್ನು ಕಾರ್ಬ್ಯುರೇಟರಿನ ಕಡೆಯಿಂದ ಬಿಚ್ಚಿ, ತುದಿ ಒರೆಸಿ, ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ. ಅಂಟಿಕೊಂಡು ನಿಂತರೆ ಸರಿಯಿದೆ. ಗಾಳಿ ಸುಮ್ಮನೆ ಬರುತ್ತಲೇ ಇದ್ದರೆ ಪೈಪ್ ಅಥವಾ ಡಯಾಫ್ರಮ್ ಹೋಗಿದೆ.

ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಉಳಿದಿರುವ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ಕುಗಳಿಗೂ ವಯಸ್ಸಾಗುತ್ತಿದೆ. ಅವರ ಕೈಯಲ್ಲೇ ಒಮ್ಮೆ ಆ ಸ್ಕ್ರೂ ತೆಗೆಸಿ, ಪೈಪ್ ಹಾಕಿಸಿಕೊಳ್ಳಿ. ಹಾಕುವಾಗ ಪಕ್ಕದಲ್ಲೇ ನಿಂತು, ಯಾಕೆ ಏನು ಅಂತ ಕೇಳಿ ಕಲಿತುಕೊಳ್ಳಿ.